ಇಎಫ್ 30 ಅಂದರೆ ಕಥೆ ಮುಗಿಯಿತಾ? ಓದುಗರ ಪ್ರಶ್ನೆ, ಹೃದಯ ವೈದ್ಯರ ಉತ್ತರ

ಹಾರ್ಟ್ ಅಟ್ಯಾಕ್ ಆದ ಮೇಲೆ ಬಿಪಿ ಬಿದ್ದು, ಕೈಕಾಲು ತಣ್ಣಗಾಗಿ ಐಸಿಯು ಸೇರಿದವರ ಬಗ್ಗೆ ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ಹೃದಯ ಸಾಕಷ್ಟು ರಕ್ತ ತಳ್ಳಲಾಗದ ಈ ಸ್ಥಿತಿಯನ್ನು ಕಾರ್ಡಿಯೋಜೆನಿಕ್ ಶಾಕ್ ಎನ್ನುತ್ತೇವೆ. ಅಟ್ಯಾಕ್ ಆದ 100 ಜನರಲ್ಲಿ 5ರಿಂದ 10 ಮಂದಿಗೆ ಹೀಗಾಗುತ್ತದೆ. ಇಷ್ಟೆಲ್ಲ ಸ್ಟೆಂಟು, ಮೆಷಿನ್ನು ಬಂದ ಮೇಲೂ ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಪ್ರಶ್ನೆಗಳನ್ನು ಸ್ವಲ್ಪ ಚಿಕ್ಕದು ಮಾಡಿ, ಹೆಸರು ಬಿಟ್ಟು ಊರು, ಬಡಾವಣೆ ಮಾತ್ರ ಉಳಿಸಿಕೊಂಡಿದ್ದೇನೆ.

ನಮ್ಮ ತಂದೆಗೆ 62 ವರ್ಷ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಆದರೂ ಬಿಪಿ ನಿಲ್ಲುತ್ತಿಲ್ಲ, ವೆಂಟಿಲೇಟರ್ ಮೇಲಿದ್ದಾರೆ. ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟಿನಲ್ಲಿ ಇಎಫ್ 30 ಅಂತಿದೆ. ಪಕ್ಕದ ಮನೆಯವರಿಗೂ ಇಎಫ್ 30 ಅಂತೆ, ಅವರು ದಿನಾ ವಾಕಿಂಗ್ ಹೋಗಿ ದರ್ಶಿನಿಯಲ್ಲಿ ಕಾಫಿ ಕುಡಿದು ಬರುತ್ತಾರೆ. ನಂಬರ್ ಒಂದೇ ಆದರೆ ಇಷ್ಟು ವ್ಯತ್ಯಾಸ ಹೇಗೆ? – ಕೆಂಗೇರಿ

ಇಎಫ್ (ಇಜೆಕ್ಷನ್ ಫ್ರಾಕ್ಷನ್, ಜನ ‘ಪಂಪಿಂಗ್’ ಅನ್ನುವುದು) ರಕ್ತದ ಅಳತೆ ಅಲ್ಲ, ಅದು ಶೇಕಡಾವಾರು ಲೆಕ್ಕ. ಹೃದಯದ ಎಡಗಡೆಯ ಕೆಳಕೋಣೆ ತುಂಬಿದಾಗ ಅದರಲ್ಲಿ ಎಷ್ಟು ರಕ್ತ ಇತ್ತೋ, ಅದರಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಕೋಣೆಯಿಂದ ಹೊರಬಿತ್ತು, ಇಷ್ಟನ್ನೇ ಅದು ಹೇಳುತ್ತದೆ. ಸಾಮಾನ್ಯವಾಗಿ 55ರಿಂದ 70 ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಪಕ್ಕದ ಮನೆಯವರದು ಬಹುಶಃ ಹಳೆಯ ತೊಂದರೆ. ವರ್ಷಗಟ್ಟಲೆ ಸುಸ್ತಾಗಿ ದುಡಿದ ಹೃದಯ ನಿಧಾನಕ್ಕೆ ಹಿಗ್ಗಿಕೊಂಡಿರುತ್ತದೆ. ಆ ಕೋಣೆ 200 ಮಿಲಿ ಹಿಡಿಯುತ್ತದೆ ಅಂದುಕೊಳ್ಳಿ. ಅದರಲ್ಲಿ ಶೇ 30 ಅಂದರೆ 60 ಮಿಲಿ. ನಿಮಿಷಕ್ಕೆ 70 ಬಡಿತ ಅಂದರೆ 4.2 ಲೀಟರ್ ಆಯಿತು. ಕೂತು ಕಾಫಿ ಕುಡಿಯಲು, ನಿಧಾನಕ್ಕೆ ನಡೆಯಲು ಅಷ್ಟು ಸಾಕು. ನಿಮ್ಮ ತಂದೆಯ ಹೃದಯಕ್ಕೆ ಹಿಗ್ಗಲು ಸಮಯವೇ ಸಿಗಲಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದ, 100 ಮಿಲಿ ಹಿಡಿಯುವ ಕೋಣೆ ಒಂದೇ ಏಟಿಗೆ ಸೋತಿದೆ. ಅದರ ಶೇ 30 ಬರೀ 30 ಮಿಲಿ. ಬಡಿತ 110ಕ್ಕೆ ಏರಿದರೂ ನಿಮಿಷಕ್ಕೆ 3.3 ಲೀಟರ್ ದಾಟುವುದಿಲ್ಲ. ಇದನ್ನು ದೇಹದ ಮೇಲ್ಮೈ ಅಳತೆಗೆ, ಅಂದರೆ ಸುಮಾರು 1.7 ಚದರ ಮೀಟರಿಗೆ ಭಾಗಿಸಿದರೆ 2ಕ್ಕಿಂತ ಕಮ್ಮಿ ಬರುತ್ತದೆ. ಇದೇ ಕಾರ್ಡಿಯಾಕ್ ಇಂಡೆಕ್ಸ್. ಇದು 2.2ಕ್ಕಿಂತ ಕೆಳಗೆ ಹೋದರೆ ಶಾಕ್ ಇರಬಹುದೆಂದು ನಾವು ಚುರುಕಾಗುತ್ತೇವೆ.

ಹಾಗಾಗಿ ಐಸಿಯುನಲ್ಲಿ ಎಕೋ ಮಾಡುವವರು ಇಎಫ್ ಬರೆದು ಎದ್ದು ಹೋಗುವುದಿಲ್ಲ, ಹೋಗಬಾರದು. ಹೃದಯದಿಂದ ಮಹಾಧಮನಿಗೆ ಹೋಗುವ ಬಾಯಿಯಲ್ಲಿ ಡಾಪ್ಲರ್ (ರಕ್ತದ ವೇಗ ಅಳೆಯುವ ಎಕೋ ವಿಧಾನ) ಇಟ್ಟು, ಒಂದು ಬಡಿತಕ್ಕೆ ರಕ್ತ ಎಷ್ಟು ದೂರ ಮುಂದೆ ಸರಿಯಿತು ಅಂತ ಅಳೆಯುತ್ತಾರೆ. ಇದಕ್ಕೆ ವಿಟಿಐ ಅನ್ನುತ್ತಾರೆ. ಸಾಮಾನ್ಯವಾಗಿ 18ರಿಂದ 22 ಸೆಂಟಿಮೀಟರ್. ಆ ಬಾಯಿಯ ಅಗಲ 2 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 3.14, ಅದನ್ನು 20ರಿಂದ ಗುಣಿಸಿದರೆ ಒಂದು ಬಡಿತಕ್ಕೆ 63 ಮಿಲಿ. ವಿಟಿಐ 10ಕ್ಕೆ ಇಳಿದಿದ್ದರೆ 31 ಮಿಲಿ. ಇದು ನೇರವಾಗಿ ಮುಂದೆ ಹೋದ ರಕ್ತದ ಲೆಕ್ಕ. ನನಗೆ ಒಂದೇ ನಂಬರ್ ಆರಿಸಿಕೋ ಅಂದರೆ ಇಎಫ್ ಬಿಟ್ಟು ವಿಟಿಐ ತೆಗೆದುಕೊಳ್ಳುತ್ತೇನೆ. ಎರಡು ನಿಮಿಷದ ಕೆಲಸ, ಮಂಚದ ಪಕ್ಕದಲ್ಲೇ ಆಗುತ್ತದೆ, ಔಷಧಿ ಬದಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬಹುದು.

ಇನ್ನೊಂದು ವಿಷಯ. ನಿಮ್ಮ ತಂದೆಯ ಇಎಫ್ ಅಳೆದಾಗ ಅವರಿಗೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಡೋಬುಟಮಿನ್ ಔಷಧಿ ಹೋಗುತ್ತಿತ್ತಾ ಅನ್ನುವುದೂ ಮುಖ್ಯ. ಡೋಬುಟಮಿನ್ ಹೃದಯವನ್ನು ಒತ್ತಾಯ ಮಾಡಿ ದುಡಿಸುತ್ತದೆ. ಅದು ಹೋಗುತ್ತಿರುವಾಗ ಬಂದ 30 ಬೇರೆ, ಏನೂ ಇಲ್ಲದೆ ಬಂದ 30 ಬೇರೆ. ರಿಪೋರ್ಟಿನಲ್ಲಿ ಈ ವಿವರ ಎಷ್ಟೋ ಸಲ ಇರುವುದೇ ಇಲ್ಲ. ಇದು ನಮ್ಮ ಕಡೆಯವರ ಸೋಮಾರಿತನ, ಇನ್ನೇನು ಹೇಳಲಿ.

ದಿನಾ ಸಂಜೆ ಡಾಕ್ಟರು ಮಾತಾಡಲು ಕರೆದಾಗ ‘ಇಎಫ್ ಎಷ್ಟಾಯಿತು ಸಾರ್’ ಅಂತ ಕೇಳುವುದಕ್ಕಿಂತ ಬೇರೆ ಮೂರು ವಿಷಯ ಕೇಳಿ. ರಕ್ತದಲ್ಲಿ ಲ್ಯಾಕ್ಟೇಟ್ (ಆಕ್ಸಿಜನ್ ಸಾಲದಾಗ ಏರುವ ಅಂಶ) ಇಳಿಯುತ್ತಿದೆಯಾ? ಮೂತ್ರ ಗಂಟೆಗೆ ಎಷ್ಟು ಬರುತ್ತಿದೆ? ಬಿಪಿ ಔಷಧಿಯ ಡೋಸ್ ನಿನ್ನೆಗಿಂತ ಏರಿದೆಯಾ, ಇಳಿದಿದೆಯಾ? ಲ್ಯಾಕ್ಟೇಟ್ 2ಕ್ಕಿಂತ ಮೇಲಿದ್ದರೆ ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲ ಅನ್ನುವ ಅನುಮಾನ ಬರುತ್ತದೆ. ಮೂತ್ರ ಗಂಟೆಗೆ 30 ಮಿಲಿಗಿಂತ ಕಮ್ಮಿಯಾದರೆ ಕಿಡ್ನಿಯೂ ಅದನ್ನೇ ಹೇಳುತ್ತಿದೆ ಅಂತ ಅರ್ಥ. ಇಎಫ್ 30ರಲ್ಲೇ ನಿಂತಿದ್ದರೂ ಈ ಮೂರೂ ಸರಿದಾರಿಗೆ ಬರುತ್ತಿದ್ದರೆ ನಾನಂತೂ ಸ್ವಲ್ಪ ಧೈರ್ಯ ಹೇಳುತ್ತೇನೆ.

ನಮ್ಮ ಯಜಮಾನರನ್ನು ಸೇರಿಸಿದಾಗ ಮಾನಿಟರಿನಲ್ಲಿ ಬಿಪಿ 100/80 ಇತ್ತು. ನಾನೇ ನೋಡಿದೆ. 90ಕ್ಕಿಂತ ಕೆಳಗೆ ಹೋದರೆ ತಾನೇ ಶಾಕ್? ಆದರೂ ‘ಶಾಕ್ ಶುರುವಾಗಿದೆ’ ಅಂತ ಹೆದರಿಸಿದರು. – ರಾಜಾಜಿನಗರ

ಹೆದರಿಸಿದ್ದಲ್ಲ, ಸರಿಯಾಗಿಯೇ ಗುರುತಿಸಿದ್ದಾರೆ. ಮೇಲಿನ ಬಿಪಿ ಅರ್ಧ ಗಂಟೆಗೂ ಹೆಚ್ಚು ಹೊತ್ತು 90ಕ್ಕಿಂತ ಕೆಳಗಿರಬೇಕು, ಇಲ್ಲವೇ ಅದನ್ನು ಎತ್ತಿ ಹಿಡಿಯಲು ಔಷಧಿ ಬೇಕಾಗಿರಬೇಕು ಅನ್ನುವ ನಿಯಮ ಪುಸ್ತಕದಲ್ಲಿ ಇದೆ, ನಿಜ. ಆದರೆ ಬಿಪಿ ಬೇರೆ, ಹರಿವು ಬೇರೆ. ಗಿಡಕ್ಕೆ ನೀರು ಹಾಕುವ ಪೈಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ನೀರು ಜೋರಾಗಿ ದೂರಕ್ಕೆ ಚಿಮ್ಮುತ್ತದೆ, ಬಕೆಟ್ ಮಾತ್ರ ತುಂಬುವುದಿಲ್ಲ, ಅಲ್ವಾ? ಹೃದಯ ಸೋತಾಗ ದೇಹ ತನ್ನ ರಕ್ತನಾಳಗಳನ್ನು ಹೀಗೇ ಬಿಗಿ ಮಾಡಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಪಿ ನಿಲ್ಲುತ್ತದೆ. ಆ ಹೊತ್ತಿಗೆ ಚರ್ಮ, ಕಿಡ್ನಿ, ಕರುಳಿಗೆ ಹೋಗುವ ರಕ್ತ ಕಡಿಮೆಯಾಗಿರುತ್ತದೆ.

ನಿಮ್ಮ ಪತ್ರದಲ್ಲೇ ಸುಳಿವಿದೆ. 100/80. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಬರೀ 20. ಮೇಲಿನ ಬಿಪಿಯ ಕಾಲು ಭಾಗಕ್ಕಿಂತ ಅಂತರ ಕಮ್ಮಿಯಾದರೆ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ತೀರಾ ಕಡಿಮೆಯಾಗಿರಬಹುದು ಅಂತ ನಾವು ಲೆಕ್ಕ ಹಾಕುತ್ತೇವೆ. ಅವರ ಮಾಮೂಲಿ ಬಿಪಿ 150, 160 ಇರುತ್ತಿದ್ದರೆ 100 ಅನ್ನುವುದು ಅವರ ಪಾಲಿಗೆ ದೊಡ್ಡ ಕುಸಿತವೇ. ಅಂಥವರ ಮೊಣಕಾಲು ಮುಟ್ಟಿ ನೋಡುತ್ತೇವೆ, ತಣ್ಣಗಿದೆಯಾ, ಚರ್ಮದ ಮೇಲೆ ನೇರಳೆ ಬಲೆಯ ಹಾಗೆ ಮಚ್ಚೆ ಎದ್ದಿದೆಯಾ ಅಂತ. ಬೆರಳ ತುದಿ ಒತ್ತಿ ಬಿಟ್ಟಾಗ ಬಣ್ಣ ವಾಪಸ್ ಬರಲು 3 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಅದೂ ಕೆಟ್ಟ ಸೂಚನೆ. ಸುಮ್ನೆ ತಳಮಳ ಮಾಡುವುದು, ಆಕ್ಸಿಜನ್ ಮಾಸ್ಕ್ ಕಿತ್ತು ಎಸೆಯುವುದು, ಅಸಂಬದ್ಧ ಮಾತು, ಇವನ್ನು ಮನೆಯವರು ‘ಭಯಕ್ಕೆ ಹೀಗಾಡುತ್ತಿದ್ದಾರೆ’ ಅಂದುಕೊಳ್ಳುತ್ತಾರೆ. ಮಿದುಳಿಗೆ ರಕ್ತ ಸಾಲದಿದ್ದರೂ ಹೀಗೇ ಆಗುತ್ತದೆ.

2019ರಿಂದ ಶಾಕ್ ಅನ್ನು ಎ, ಬಿ, ಸಿ, ಡಿ, ಇ ಅಂತ ಐದು ಹಂತ ಮಾಡಿದ್ದಾರೆ. ಎ ಅಂದರೆ ಅಪಾಯ ಇದೆ, ಇನ್ನೂ ಏನೂ ಆಗಿಲ್ಲ. ಇ ಅಂದರೆ ಕೊನೆಯ ಹೋರಾಟ. ಬಿಪಿ ತೀರಾ ಬೀಳುವ ಮೊದಲೇ ಗುರುತಿಸಿ ಕೆಲಸ ಶುರು ಮಾಡಲಿ ಅನ್ನುವುದೇ ಇದರ ಉದ್ದೇಶ.

ಅಣ್ಣ ಐಸಿಯುನಲ್ಲಿದ್ದಾಗ ದಿನಾ ಎಕೋ, ಒಂದು ದಿನ ಎರಡು ಸಲ. ಬಿಲ್ ಏರಿಸಲು ಮಾಡುವುದಾ ಇದು? – ಬಸವನಗುಡಿ

ಬಿಲ್ ವಿಷಯದಲ್ಲಿ ನಿಮ್ಮ ಅನುಮಾನ ತಪ್ಪಲ್ಲ, ಬೆಂಗಳೂರಿನಲ್ಲಿದ್ದು ಆ ಅನುಮಾನ ಬರದಿದ್ದರೇ ಆಶ್ಚರ್ಯ. ಆದರೆ ಶಾಕ್‌ನಲ್ಲಿರುವವರಿಗೆ ಮತ್ತೆ ಮತ್ತೆ ಎಕೋ ಮಾಡದಿದ್ದರೆ ನಾನು ಜಗಳ ಆಡುತ್ತೇನೆ.

ಅಟ್ಯಾಕ್‌ನಲ್ಲಿ ಸತ್ತ ಮಾಂಸಖಂಡ ಮೆತ್ತಗಾಗಿ ಹರಿದುಹೋಗಬಹುದು. ಹೆಚ್ಚಾಗಿ ಮೊದಲ ದಿನ, ಇಲ್ಲವೇ ಮೂರರಿಂದ ಐದು ದಿನದೊಳಗೆ. ಎಡ ಬಲ ಕೋಣೆಗಳ ನಡುವಿನ ಗೋಡೆಗೆ ತೂತು ಬೀಳಬಹುದು. ಎಡಗಡೆಯ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯು ಕಿತ್ತು ಬರಬಹುದು. ಹೊರಗೋಡೆಯೇ ಒಡೆದು ಹೃದಯದ ಸುತ್ತ ರಕ್ತ ತುಂಬಿಕೊಳ್ಳಬಹುದು. ಮೂರೂ ಅಪರೂಪ, ಆದರೆ ಬಂದರೆ ಔಷಧಿಯಲ್ಲಿ ನಿಲ್ಲುವಂಥವಲ್ಲ, ಸರ್ಜನ್ ಕರೆಯಲೇಬೇಕು. ಬೆಳಗ್ಗೆ ಇಲ್ಲದ್ದು ಸಂಜೆಗೆ ಬರಬಹುದು. ವೆಂಟಿಲೇಟರ್ ಸದ್ದಿನಲ್ಲಿ ಸ್ಟೆತೊಸ್ಕೋಪ್ ಇಟ್ಟರೆ ಹೊಸ ಮರ್ಮರ್ (ರಕ್ತ ಅಡ್ಡಾದಿಡ್ಡಿ ಹರಿಯುವ ಸದ್ದು) ಕೇಳದೇ ಹೋಗಬಹುದು. ಎಕೋದಲ್ಲಿ ಮಾತ್ರ ಕಾಣುತ್ತದೆ.

ತಮಾಷೆ ಏನು ಗೊತ್ತಾ? ಕವಾಟದ ಸ್ನಾಯು ಕಿತ್ತಾಗ ಇಎಫ್ 60, 65 ಬರಬಹುದು. ಕೋಣೆ ಚೆನ್ನಾಗಿಯೇ ಹಿಂಡುತ್ತಿದೆ, ಆದರೆ ರಕ್ತದ ದೊಡ್ಡ ಪಾಲು ಹಿಂದಕ್ಕೆ, ಶ್ವಾಸಕೋಶದ ಕಡೆಗೆ ನುಗ್ಗುತ್ತಿದೆ. ಶೇಕಡಾ ಲೆಕ್ಕಕ್ಕೆ ರಕ್ತ ಎತ್ತ ಹೋಯಿತು ಅನ್ನುವುದು ಬೇಕಿಲ್ಲ. ಹಾಗಾಗಿ ಬಿಪಿ ಬಿದ್ದಿದೆ, ಶ್ವಾಸಕೋಶದಲ್ಲಿ ನೀರು, ಇಎಫ್ ಮಾತ್ರ ಚೆನ್ನಾಗಿದೆ ಅಂದರೆ ನಮಗೆ ಸಮಾಧಾನ ಆಗುವುದಿಲ್ಲ, ಎದೆ ಧಸಕ್ಕೆನ್ನುತ್ತದೆ.

ಅಮ್ಮನಿಗೆ ಹೃದಯದ ಕೆಳಭಾಗದ ಅಟ್ಯಾಕ್ ಅಂದರು. ಇಎಫ್ 55 ಇತ್ತು, ಶ್ವಾಸಕೋಶ ಶುದ್ಧವಾಗಿತ್ತು. ಆದರೂ ಬಿಪಿ 70ಕ್ಕೆ ಇಳಿಯಿತು. ಮನೆಯಲ್ಲಿ ನಾವು ಸಾರ್ಬಿಟ್ರೇಟ್ ಇಟ್ಟಿದ್ದೆವು ನಾಲಿಗೆ ಕೆಳಗೆ. – ಯಲಹಂಕ

ಇಎಫ್ ಬರೀ ಎಡಕೋಣೆಯ ಲೆಕ್ಕ. ಅಮ್ಮನಿಗೆ ಬಲಕೋಣೆ ಸೋತಿರಬಹುದು. ಬಲಗಡೆಯಿಂದ ರಕ್ತ ಶ್ವಾಸಕೋಶ ದಾಟಿ ಎಡಕ್ಕೆ ಬಂದರೆ ತಾನೇ ಎಡಕೋಣೆ ಮುಂದಕ್ಕೆ ಕಳಿಸುವುದು? ಬರದಿದ್ದರೆ ಅದು ಎಷ್ಟೇ ಗಟ್ಟಿಯಾಗಿದ್ದರೂ ಖಾಲಿ ಹಿಂಡುತ್ತಿರುತ್ತದೆ. ಬಿಪಿ ಇಲ್ಲ, ಕತ್ತಿನ ರಕ್ತನಾಳ ಉಬ್ಬಿದೆ, ಶ್ವಾಸಕೋಶ ಶುದ್ಧ ಅಂದರೆ ಮೊದಲು ನೆನಪಾಗಬೇಕಾದ್ದು ಇದೇ. ಇಸಿಜಿಯಲ್ಲಿ ಎದೆಯ ಬಲಗಡೆಗೂ ಲೀಡ್ ಹಾಕಿ ವಿ4ಆರ್ ಅನ್ನುವ ಲೀಡ್ ನೋಡಬೇಕು. ಎಕೋದಲ್ಲಿ ಬಲಕೋಣೆ ಹಿಗ್ಗಿದೆಯಾ, ಅದರ ಕವಾಟದ ಅಂಚು ಒಂದು ಬಡಿತಕ್ಕೆ ಎಷ್ಟು ಸರಿಯುತ್ತದೆ ಅಂತ ಅಳೆಯುತ್ತಾರೆ. ಇದು ಟಾಪ್ಸಿ, 17 ಮಿಲಿಮೀಟರಿಗಿಂತ ಕಮ್ಮಿ ಇರಬಾರದು.

ಸಾರ್ಬಿಟ್ರೇಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ಅದು ರಕ್ತನಾಳ ಸಡಿಲಿಸಿ ಹೃದಯಕ್ಕೆ ವಾಪಸ್ ಬರುವ ರಕ್ತವನ್ನು ಕಡಿಮೆ ಮಾಡುತ್ತದೆ. ಬಲಕೋಣೆ ಸೋತವರಿಗೆ ವಾಪಸ್ ಬರುವ ರಕ್ತವೇ ಆಧಾರ. ಅಮ್ಮನ ಬಿಪಿ ಬಿದ್ದದ್ದು ಆ ಮಾತ್ರೆಯಿಂದಲೇ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಅಟ್ಯಾಕೇ ಸಾಕು ಅದಕ್ಕೆ. ಆದರೆ ವಾಟ್ಸಾಪ್‌ನಲ್ಲಿ ಸುತ್ತುವ ‘ಎದೆನೋವು ಬಂದ ಕೂಡಲೇ ಇದನ್ನು ನಾಲಿಗೆ ಕೆಳಗೆ ಇಡಿ’ ಅನ್ನುವ ಮೆಸೇಜನ್ನು ಬಿಪಿ ನೋಡದೆ ಪಾಲಿಸಬೇಡಿ. ನಿಮ್ಮ ಡಾಕ್ಟರು ನಿಮಗಾಗಿ ಬರೆದುಕೊಟ್ಟಿದ್ದರೆ ಅದು ಬೇರೆ ಮಾತು.

ನಾನು ನರ್ಸಿಂಗ್ ಕೊನೆಯ ವರ್ಷ. ಕತ್ತಿನಿಂದ ಹೃದಯದೊಳಗೆ ಹಾಕುವ ಸ್ವಾನ್ ಗಾಂಝ್ ಕ್ಯಾತಿಟರ್ (ನಳಿಕೆ) ಬಗ್ಗೆ ಪಾಠ ಇದೆ, ವಾರ್ಡಿನಲ್ಲಿ ಮಾತ್ರ ನೋಡಿಯೇ ಇಲ್ಲ. ಎಕೋ ಇರುವಾಗ ಅದು ಬೇಕಾ? – ಬನಶಂಕರಿ

ಒಳ್ಳೆಯ ಪ್ರಶ್ನೆ. 1929ರಲ್ಲಿ ವರ್ನರ್ ಫೋರ್ಸ್‌ಮನ್ ಅನ್ನುವ ಜರ್ಮನ್ ಡಾಕ್ಟರು ತನ್ನದೇ ಕೈಯ ರಕ್ತನಾಳದಿಂದ ಹೃದಯದವರೆಗೆ ನಳಿಕೆ ತೂರಿಸಿಕೊಂಡು ಎಕ್ಸ್‌ರೇ ತೆಗೆಸಿಕೊಂಡ. ಮೇಲಿನವರ ಕೋಪಕ್ಕೆ ಗುರಿಯಾದ, 1956ರಲ್ಲಿ ನೊಬೆಲ್ ಹಂಚಿಕೊಂಡ. ಆಮೇಲೆ ಲಾಸ್ ಏಂಜಲೀಸ್‌ನ ಜೆರೆಮಿ ಸ್ವಾನ್ ಕಡಲ ತೀರದಲ್ಲಿ ಹಾಯಿದೋಣಿ ನೋಡುತ್ತಾ ನಳಿಕೆಯ ತುದಿಗೂ ಏನಾದರೂ ಕಟ್ಟಿದರೆ ರಕ್ತವೇ ಅದನ್ನು ಎಳೆದುಕೊಂಡು ಹೋಗುತ್ತದಲ್ಲ ಅಂತ ಯೋಚಿಸಿದರಂತೆ. ಹಾಯಿ ಹೋಗಿ ಪುಟ್ಟ ಬಲೂನ್ ಬಂತು, ವಿಲಿಯಂ ಗಾಂಝ್ ಜೊತೆ 1970ರಲ್ಲಿ ಪ್ರಕಟಿಸಿದರು.

ಅದು ಕೊಡುವುದು ಒಳಗಿನ ಒತ್ತಡಗಳು, ಹೃದಯ ನಿಮಿಷಕ್ಕೆ ತಳ್ಳುವ ರಕ್ತ, ಅದೂ ಬೇಕೆಂದಾಗಲೆಲ್ಲ. ಬಲೂನ್ ಶ್ವಾಸಕೋಶದ ನಾಳವನ್ನು ಮುಚ್ಚಿದಾಗ ಸಿಗುವ ವೆಡ್ಜ್ ಒತ್ತಡ 15ಕ್ಕಿಂತ ಮೇಲಿದ್ದು ಕಾರ್ಡಿಯಾಕ್ ಇಂಡೆಕ್ಸ್ ಕಮ್ಮಿ ಇದ್ದರೆ ತಪ್ಪು ಹೃದಯದ್ದೇ. ನಿಮಗೆ ಪರೀಕ್ಷೆಗೆ ಉಪಯೋಗ ಆಗುವ ಒಂದು ಲೆಕ್ಕ ಹೇಳುತ್ತೇನೆ. ಸರಾಸರಿ ಬಿಪಿಯನ್ನು ನಿಮಿಷದ ಲೀಟರಿನಿಂದ ಗುಣಿಸಿ 451ರಿಂದ ಭಾಗಿಸಿದರೆ ಹೃದಯದ ಶಕ್ತಿ ವ್ಯಾಟ್‌ನಲ್ಲಿ ಸಿಗುತ್ತದೆ. ಆರಾಮಾಗಿರುವವರಿಗೆ ಸುಮಾರು 1 ವ್ಯಾಟ್. ಸರಾಸರಿ ಬಿಪಿ 65, ಮೇಲೆ ಹೇಳಿದ 3.3 ಲೀಟರ್ ಹಾಕಿ ನೋಡಿ, 0.5ರ ಆಸುಪಾಸು ಬರುತ್ತದೆ. 0.6ಕ್ಕಿಂತ ಕೆಳಗೆ ಅಂದರೆ ಪರಿಸ್ಥಿತಿ ಬಿಗಡಾಯಿಸಿದೆ. ಒತ್ತಡ ಮತ್ತು ಹರಿವು ಎರಡನ್ನೂ ಒಟ್ಟಿಗೆ ಹಿಡಿಯುವುದರಿಂದ ಈ ನಂಬರ್ ಮೇಲೆ ನನಗೆ ಭರವಸೆ ಜಾಸ್ತಿ.

ಎಲ್ಲರಿಗೂ ಬೇಕಾ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ರಕ್ತಸ್ರಾವ, ಸೋಂಕು, ಬಡಿತದ ಏರುಪೇರು ಆಗಬಹುದು. ನನ್ನ ಅಭಿಪ್ರಾಯ ಇಷ್ಟು: ಮೊದಲ ಔಷಧಿಗೆ ಸ್ಪಂದಿಸಿದವರಿಗೆ ಎಕೋ ಸಾಕು. ಎರಡು ಔಷಧಿ ಹೋಗುತ್ತಿದ್ದರೂ ಲ್ಯಾಕ್ಟೇಟ್ ಏರುತ್ತಿದ್ದರೆ, ಬಲವೋ ಎಡವೋ ಗೊತ್ತಾಗದಿದ್ದರೆ, ಪಂಪ್ ಮೆಷಿನ್ ಹಾಕುವ ಯೋಚನೆ ಇದ್ದರೆ, ಹಾಕಬೇಕು.

ಬಲೂನ್ ಪಂಪ್ ಹಾಕಿದ್ದರೆ ಬದುಕುತ್ತಿದ್ದರಾ? – ವಿಜಯನಗರ

ಇದು ಮಹಾಧಮನಿಯಲ್ಲಿಟ್ಟು ಹೃದಯಕ್ಕೆ ನೆರವಾಗುವ ಬೇರೆ ಬಲೂನ್. ಬದುಕುತ್ತಿದ್ದರಾ ಅಂತ ಹೇಳುವುದು ಕಷ್ಟ. ಆದರೆ ‘ಅದೊಂದು ಮಾಡಿಸಲಿಲ್ಲವಲ್ಲ’ ಅಂತ ಕೊರಗಬೇಡಿ. 2012ರಲ್ಲಿ ಜರ್ಮನಿಯಲ್ಲಿ ಅಟ್ಯಾಕ್ ಜೊತೆ ಶಾಕ್ ಇದ್ದ 600 ಜನರ ಮೇಲೆ ನಡೆದ ಅಧ್ಯಯನದಲ್ಲಿ ಬಲೂನ್ ಹಾಕಿದವರಿಗೂ ಹಾಕದವರಿಗೂ 30 ದಿನದ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ಕಡೆಯೂ ನೂರಕ್ಕೆ 40ರ ಆಸುಪಾಸು. 2023ರಲ್ಲಿ ಎಕ್ಮೋ (ರಕ್ತವನ್ನು ಹೊರಗೆ ತೆಗೆದು ಆಕ್ಸಿಜನ್ ತುಂಬಿ ವಾಪಸ್ ತಳ್ಳುವ ಮೆಷಿನ್) ವಿಷಯದಲ್ಲೂ ಹಾಗೇ ಆಯಿತು. 2024ರಲ್ಲಿ ಡ್ಯಾಂಜರ್ ಶಾಕ್ ಅನ್ನುವ ಅಧ್ಯಯನದಲ್ಲಿ ಇಂಪೆಲ್ಲಾ ಅನ್ನುವ ಪುಟ್ಟ ಪಂಪಿನಿಂದ 180 ದಿನದ ಸಾವು ನೂರಕ್ಕೆ 58ರಿಂದ 46ರ ಹತ್ತಿರಕ್ಕೆ ಇಳಿಯಿತು. ಆದರೆ ರಕ್ತಸ್ರಾವ, ಕಾಲಿಗೆ ರಕ್ತ ಹೋಗುವುದು ನಿಲ್ಲುವುದು, ಡಯಾಲಿಸಿಸ್ ಜಾಸ್ತಿಯಾದವು. ಅದೂ ಆರಿಸಿದ ರೋಗಿಗಳಲ್ಲಿ. ನಮ್ಮಲ್ಲಿ ಅದಕ್ಕೆ ಹಲವು ಲಕ್ಷ ಬೇಕು. ಮನೆ ಅಡ ಇಟ್ಟು ಹಾಕಿಸುವ ಮೊದಲು ‘ಇವರಿಗೆ ಯಾಕೆ ಇದು, ಯಾವ ಅಳತೆ ನೋಡಿ ಹೇಳುತ್ತಿದ್ದೀರಿ’ ಅಂತ ಕೇಳುವ ಹಕ್ಕು ನಿಮಗಿದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಇಂಜೆಕ್ಷನ್ ಕೊಟ್ಟರು. ಬಿಪಿ ಇಳಿಯಿತು ಅಂತ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಅಲ್ಲೇ ಇಟ್ಟುಕೊಂಡು ನೋಡಬಹುದಿತ್ತಲ್ಲ? – ನೆಲಮಂಗಲ

ಕಳಿಸಿದ್ದು ಸರಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರಗಳಿಗೆ ಕಳಿಸಿ ಓದಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ತುಂಬಾ ಜನರಿಗೆ ಅದು ವರ. ಆದರೆ ಶಾಕ್ ಆದಾಗ ಹೆಪ್ಪಿನವರೆಗೆ ಔಷಧಿ ತಲುಪಿಸಲು ಬೇಕಾದ ಒತ್ತಡವೇ ಇರುವುದಿಲ್ಲ, ಹಾಗಾಗಿ ಇಂಜೆಕ್ಷನ್ ಅಷ್ಟು ಕೆಲಸ ಮಾಡುವುದಿಲ್ಲ. ಮುಚ್ಚಿದ ನಾಳವನ್ನು ಬೇಗ ತೆರೆಸಬೇಕು. 1999ರ ಶಾಕ್ ಟ್ರಯಲ್‌ನಲ್ಲಿ 302 ರೋಗಿಗಳಿದ್ದರು. ಬೇಗ ಆಂಜಿಯೋಪ್ಲಾಸ್ಟಿ ಇಲ್ಲವೇ ಬೈಪಾಸ್ ಮಾಡಿಸಿಕೊಂಡವರಲ್ಲಿ ಆರು ತಿಂಗಳ ಹೊತ್ತಿಗೆ ಉಳಿದವರು ಹೆಚ್ಚು. ಅಲ್ಲಿಂದ ಇಲ್ಲಿಯವರೆಗೆ ಇದೇ ಮೊದಲ ಚಿಕಿತ್ಸೆ. ಎಕೋ, ಲ್ಯಾಕ್ಟೇಟ್, ಕ್ಯಾತಿಟರ್ ಏನೇ ಇರಲಿ, ನಾಳ ತೆರೆಸುವುದನ್ನು ತಡಮಾಡುವ ಹಾಗೆ ಅವು ನಡೆಯಬಾರದು.

ಸ್ಮಾರ್ಟ್ ವಾಚ್‌ನಲ್ಲಿ ಪಂಪಿಂಗ್ ಗೊತ್ತಾಗುತ್ತಾ? – ಪೀಣ್ಯ

ಇಲ್ಲ. ಬಡಿತ ಗೊತ್ತಾಗುತ್ತದೆ, ಅಷ್ಟೆ.

ಟ್ರೋಪೋನಿನ್ ತುಂಬಾ ಜಾಸ್ತಿ ಇದೆ ಅಂದರೆ ಪಂಪಿಂಗ್ ಅಷ್ಟೇ ಕಮ್ಮಿ ಅಂತಾನಾ? – ಮಲ್ಲೇಶ್ವರ

ಹಾಗೇ ಅಂತ ಹೇಳಲಾಗದು. ಟ್ರೋಪೋನಿನ್ ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನ್. ಅದರಿಂದ ಸ್ನಾಯುವಿಗೆ ಪೆಟ್ಟು ಬಿದ್ದಿದೆ, ಸುಮಾರು ದೊಡ್ಡದೇ ಬಿದ್ದಿದೆ ಅನ್ನುವುದು ಗೊತ್ತಾಗುತ್ತದೆ. ಈ ಗಳಿಗೆಯಲ್ಲಿ ಹೃದಯ ಎಷ್ಟು ತಳ್ಳುತ್ತಿದೆ ಅಂತ ತಿಳಿಯಲು ಎಕೋನೇ ಬೇಕು.

ಶಾಕ್ ಆಗಿ ಬದುಕಿ ಮನೆಗೆ ಬಂದಿದ್ದೇನೆ. ಡಿಸ್ಚಾರ್ಜ್ ಚೀಟಿಯಲ್ಲಿ ಇಎಫ್ 28. ಇನ್ನು ಜೀವನಪೂರ್ತಿ ಇದೇನಾ? – ಜಯನಗರ

ಬದುಕಿ ಬಂದು ಪತ್ರ ಬರೆದಿದ್ದೀರಲ್ಲ, ಅದೇ ಖುಷಿ. 28 ಅನ್ನುವುದು ಆ ದಿನದ ಲೆಕ್ಕ. ರಕ್ತ ನಿಂತು ಮತ್ತೆ ಹರಿದಾಗ ಸ್ನಾಯುವಿನ ಒಂದಷ್ಟು ಭಾಗ ಸತ್ತಿರುತ್ತದೆ, ಇನ್ನೊಂದಷ್ಟು ಬದುಕಿದ್ದೂ ಸ್ತಬ್ಧವಾಗಿರುತ್ತದೆ. ಇದನ್ನು ಸ್ಟನ್ನಿಂಗ್ ಅನ್ನುತ್ತೇವೆ. ಸ್ತಬ್ಧವಾದ ಭಾಗ ದಿನಗಳಲ್ಲಿ, ಕೆಲವೊಮ್ಮೆ ವಾರಗಳಲ್ಲಿ ಎದ್ದೇಳುತ್ತದೆ. 28 ಇದ್ದದ್ದು 40, 45ಕ್ಕೆ ಬರುವುದು ಅಪರೂಪವೇನಲ್ಲ. ಬರದೇ ಇರುವುದೂ ಉಂಟು.

ಅದಕ್ಕೇ ಅಪಾಯದ ಬಡಿತವನ್ನು ಕರೆಂಟ್ ಕೊಟ್ಟು ಸರಿಪಡಿಸಲು ಎದೆಯೊಳಗೆ ಇಡುವ ಐಸಿಡಿ ಸಾಧನದ ತೀರ್ಮಾನವನ್ನು ಸಾಮಾನ್ಯವಾಗಿ ಡಿಸ್ಚಾರ್ಜ್ ದಿನವೇ ಮಾಡುವುದಿಲ್ಲ. ಅಟ್ಯಾಕ್ ಆಗಿ ಕನಿಷ್ಠ 40 ದಿನ, ಸ್ಟೆಂಟ್ ಹಾಕಿದ್ದರೆ ಸುಮಾರು 90 ದಿನ ಬಿಟ್ಟು ಮತ್ತೆ ಎಕೋ ಮಾಡುತ್ತಾರೆ. ಅಷ್ಟೊತ್ತಿಗೆ ಮಾತ್ರೆಗಳೂ ಪೂರ್ತಿ ಡೋಸಿಗೆ ಬಂದಿರಬೇಕು. ಆಗಲೂ 35 ಅಥವಾ ಅದಕ್ಕಿಂತ ಕೆಳಗಿದ್ದರೆ ಐಸಿಡಿ ಮಾತು. ಈ ಮಧ್ಯೆ ಆರಾಮಾಗಿದ್ದೀನಲ್ಲ ಅಂತ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ, ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಅಥವಾ ಮಲಗಿದರೆ ಉಸಿರು ಕಟ್ಟಿದರೆ ಅಪಾಯಿಂಟ್‌ಮೆಂಟ್ ಕಾಯದೆ ಹೋಗಿ. ಮುಂದಿನ ಎಕೋವನ್ನು ಆದಷ್ಟು ಅದೇ ಜಾಗದಲ್ಲಿ ಮಾಡಿಸಿ, ಹಳೆಯ ರಿಪೋರ್ಟ್ ಜೊತೆ ಚಿತ್ರಗಳ ಸಿಡಿಯನ್ನೂ ತೆಗೆದುಕೊಂಡು ಹೋಗಿ. ಇಬ್ಬರು ಬೇರೆ ಬೇರೆ ಡಾಕ್ಟರು ಅಳೆದರೆ ಇಎಫ್‌ನಲ್ಲಿ 5, ಕೆಲವೊಮ್ಮೆ 10ರಷ್ಟು ವ್ಯತ್ಯಾಸ ಬರುವುದು ಮಾಮೂಲು. 28ರಿಂದ 32ಕ್ಕೆ ಏರಿತು ಅಂತ ಸಿಹಿ ಹಂಚುವುದಾಗಲೀ, 26 ಆಯಿತು ಅಂತ ನಿದ್ದೆ ಕೆಡಿಸಿಕೊಳ್ಳುವುದಾಗಲೀ ಬೇಡ.